ಓಸ್ಕಿ ಪರೀಕ್ಷೆಗೆ ಪಾಸ್ ಮಾರ್ಕ್ 50 ಇಡುವುದು ನ್ಯಾಯವೋ, 60 ಇಡುವುದೋ?

ಎರಡೂ ಅಲ್ಲ. (ಓಸ್ಕಿ, ಅಂದರೆ OSCE: ವೈದ್ಯಕೀಯ ವಿದ್ಯಾರ್ಥಿಗಳು ಒಂದಾದ ಮೇಲೊಂದು ಸ್ಟೇಷನ್ನಿಗೆ ಹೋಗಿ, ಒಂದೊಂದರಲ್ಲೂ ಒಂದೊಂದು ಕೆಲಸವನ್ನು ಎಕ್ಸಾಮಿನರ್ ಎದುರು ಮಾಡಿ ತೋರಿಸುವ ಪರೀಕ್ಷೆ. ಕೆಲವು ಸ್ಟೇಷನ್ನಿನಲ್ಲಿ ರೋಗಿಯ ಪಾತ್ರ ಮಾಡುವವರು ಇರುತ್ತಾರೆ.) ಬೇಜಾರು ಮಾಡಿಕೊಳ್ಳಬೇಡಿ, ಇದೇ 50-60ರ ಜಗಳ ನಾನೂ ಆಡಿದ್ದೇನೆ, ಕಾಸರಗೋಡು ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ.

ನಮ್ಮಲ್ಲಿ ಎಲ್ಲ ಸ್ಟೇಷನ್ನಿಗೂ 50 ಇತ್ತು. ಬಿಪಿ ನೋಡುವುದಕ್ಕೂ ಅಷ್ಟೇ, ಎದೆನೋವಿನ ರೋಗಿಯನ್ನು ಪ್ರಶ್ನೆ ಕೇಳಿ ಹಿಸ್ಟರಿ ತೆಗೆಯುವುದಕ್ಕೂ ಅಷ್ಟೇ. ಮೊದಲನೆಯದರಲ್ಲಿ ದಡ್ಡನೂ ಪಾಸ್, ಎರಡನೆಯದರಲ್ಲಿ ಜಾಣರೂ ಒದ್ದಾಡುತ್ತಿದ್ದರು. ಕಷ್ಟದ ಸ್ಟೇಷನ್ನಿಗೂ ಸುಲಭದ್ದಕ್ಕೂ ಒಂದೇ ಗೆರೆ ಹೇಗೆ ಸರಿಯಾಗುತ್ತದೆ? (ರೋಗಿಯ ಪಾತ್ರ ಮಾಡುವವರು ಬೆಳಿಗ್ಗೆ ಮಲಯಾಳ, ಮಧ್ಯಾಹ್ನ ತುಳು ಮಾತಾಡಿದರೆ ಯಾವ ಲೆಕ್ಕವೂ ಕೈ ಹಿಡಿಯುವುದಿಲ್ಲ. ಬದಿಯಡ್ಕದ ಹುಡುಗಿಗೆ ತುಳು ನೀರು ಕುಡಿದ ಹಾಗೆ, ಕೊಟ್ಟಾಯಂ ಹುಡುಗ ಏನು ಮಾಡಬೇಕು? ಭಾಷೆ ಮೊದಲೇ ಗೊತ್ತು ಮಾಡಿ.)

ಒಂದೇ ಗೆರೆ ಸರಿಯಲ್ಲ ಎಂದೇ, ಒಂದೊಂದು ಸ್ಟೇಷನ್ನಿಗೂ ಬೇರೆ ಪಾಸ್ ಮಾರ್ಕ್ ಕೊಡುವ ಬಾರ್ಡರ್‌ಲೈನ್ ರಿಗ್ರೆಷನ್ ಎಂಬ ಲೆಕ್ಕದ ವಿಧಾನ ತಂದೆ. ಎಕ್ಸಾಮಿನರ್ ಚೆಕ್‌ಲಿಸ್ಟಿಗೆ, ಅಂದರೆ ಮಾಡಬೇಕಾದ ಹೆಜ್ಜೆಗಳ ಪಟ್ಟಿಗೆ, ಅಂಕ ಕೊಡುತ್ತಾರೆ. ಅದನ್ನು ಬಿಟ್ಟು ಬೇರೆಯಾಗಿ, ಒಟ್ಟಾರೆ ಈ ಹುಡುಗ ಫೇಲೋ, ಬಾರ್ಡರ್‌ಲೈನೋ (ಪಾಸು-ಫೇಲಿನ ಅಂಚಿನಲ್ಲಿರುವವನೋ), ಪಾಸೋ, ಚೆನ್ನಾಗಿ ಮಾಡಿದನೋ ಎಂದೂ ಗುರುತು ಹಾಕುತ್ತಾರೆ. ಎರಡನ್ನೂ ಎಕ್ಸೆಲ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿಯಾಗಿ ಹಾಕಿ, ಚುಕ್ಕಿಗಳ ನಡುವೆ ಗೆರೆ ಎಳೆದರೆ, ಬಾರ್ಡರ್‌ಲೈನ್ ಇರುವಲ್ಲಿ ಗೆರೆ ತೋರಿಸುವ ಅಂಕವೇ ಆ ಸ್ಟೇಷನ್ನಿನ ಪಾಸ್ ಮಾರ್ಕ್.

ನಾನು ಕೆಟ್ಟದ್ದು ಹಾಳೆ ಪ್ರಿಂಟ್ ಮಾಡಿಸುವಾಗ. ಚೆಕ್‌ಲಿಸ್ಟ್ ಕೆಳಗೆ 'ಒಟ್ಟು' ಎಂಬ ಚೌಕ, ಅದರ ಕೆಳಗೆ ಒಟ್ಟಾರೆ ಅಭಿಪ್ರಾಯ. ಅಷ್ಟೇ ನೋಡಿ. ಎಕ್ಸಾಮಿನರ್‌ಗಳು ಮೊದಲು ಕೂಡಿಸಿದರು, ಆಮೇಲೆ ಆ ಒಟ್ಟು ನೋಡಿಕೊಂಡು ಗುರುತು ಹಾಕಿದರು. 10ಕ್ಕೆ 5 ಬಂತಾ, ಬಾರ್ಡರ್‌ಲೈನ್. 4 ಬಂತಾ, ಫೇಲ್. ಹುಡುಗನನ್ನು ನೋಡಿ ಕೊಡಬೇಕಾದ ಅಭಿಪ್ರಾಯ ಅಂಕ ನೋಡಿ ಬಂತು. ಅಂಕವನ್ನು ಅಂಕದಿಂದಲೇ ಅಳೆದ ಹಾಗಾಯಿತು. ಎಲ್ಲ ಸ್ಟೇಷನ್ನಿನ ಪಾಸ್ ಮಾರ್ಕೂ ಸುತ್ತಿ ಬಳಸಿ 50ರ ಹತ್ತಿರವೇ ಬಂದು ನಿಂತಿತು! ಚುಕ್ಕಿಗಳೆಲ್ಲ ಗೆರೆಯ ಮೇಲೆಯೇ ಸಾಲಾಗಿ ಕೂತಿದ್ದವು. ಅಷ್ಟು ಚಂದ ಕೂತದ್ದೇ ಅನುಮಾನ ಹುಟ್ಟಿಸಬೇಕಿತ್ತು. ನಾನು ಅದನ್ನೇ ಹೆಮ್ಮೆಯಿಂದ ಕಮಿಟಿಗೆ ತೋರಿಸಿದೆ. "ಇಷ್ಟಕ್ಕೆ ಕಂಪ್ಯೂಟರ್ ಯಾಕೆ ಮಾರಾಯ?" ಎಂದರು ಸರ್ಜರಿಯ ಹಿರಿಯರು. ಮರುವರ್ಷ ಎಲ್ಲ ವಾಪಸ್ ಹಳೆಯ 50ಕ್ಕೆ. ಆಮೇಲೆ ನನ್ನ ಮಾತು ಯಾರೂ ಕೇಳಲಿಲ್ಲ.

ಹಾಳೆಯಲ್ಲಿ 'ಒಟ್ಟು' ಚೌಕವೇ ಇರಬಾರದು. ಕೂಡಿಸುವ ಕೆಲಸ ಆಫೀಸಿನವರದ್ದು. ಎಕ್ಸಾಮಿನರ್‌ಗಳನ್ನು ಹಿಂದಿನ ದಿನ ಕೂರಿಸಿ, ಬಾರ್ಡರ್‌ಲೈನ್ ಹುಡುಗ ಎಂದರೆ ಹೇಗಿರುತ್ತಾನೆ ಎಂದು ಮಾತಾಡಿಸಿ. ಒಂದರಲ್ಲಿ ಸೋತದ್ದನ್ನು ಇನ್ನೊಂದರಲ್ಲಿ ಮುಚ್ಚಿಹಾಕುವುದು ಬೇಡ ಎಂದಿದ್ದರೆ, ಕನಿಷ್ಠ ಇಷ್ಟು ಸ್ಟೇಷನ್ ಪಾಸಾಗಲೇಬೇಕು ಎಂದೂ ಇಡಿ.

ಯೂನಿವರ್ಸಿಟಿ ಪಾಸ್ ಮಾರ್ಕ್ 50 ಇರಲಿ ಎಂದು ಕೇಳುತ್ತದಲ್ಲ ಎನ್ನಬಹುದು ನೀವು. ಕೇಳಲಿ. ನಿಮಗೆ ಸಿಕ್ಕ ಗೆರೆ 58 ಆದರೆ ಆ 58ನ್ನೇ 50 ಮಾಡಿ ಉಳಿದ ಅಂಕಗಳನ್ನು ಅದೇ ಅಳತೆಯಲ್ಲಿ ಹೊಂದಿಸಿ, ಆದರೆ ಹೀಗೆ ಮಾಡುತ್ತೇವೆಂದು ಮೊದಲೇ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಬ್ಯಾಚ್ ತೀರಾ ಚಿಕ್ಕದಾದರೆ ರಿಗ್ರೆಷನ್ ಗೆರೆ ಅಲುಗಾಡುತ್ತದೆ, ಆಗ ಆಂಗಾಫ್ ವಿಧಾನ ವಾಸಿ. ಅದರಲ್ಲಿ, ಬಾರ್ಡರ್‌ಲೈನ್ ಹುಡುಗರಲ್ಲಿ ನೂರಕ್ಕೆ ಎಷ್ಟು ಜನ ಇದನ್ನು ಸರಿ ಮಾಡುತ್ತಾರೆ ಎಂದು ಚೆಕ್‌ಲಿಸ್ಟಿನ ಒಂದೊಂದು ಸಾಲಿಗೂ ಮೇಷ್ಟ್ರುಗಳೇ ಪರೀಕ್ಷೆಗೆ ಮೊದಲು ಅಂದಾಜು ಮಾಡಬೇಕು, ಆ ಅಂದಾಜುಗಳಿಂದಲೇ ಪಾಸ್ ಮಾರ್ಕ್ ಬರುತ್ತದೆ. ಅರ್ಧ ದಿನ ಹಿಡಿಯುತ್ತದೆ, ಚಹಾ ಜಾಸ್ತಿ ತರಿಸಿ.