ಮಾಲ್ಟಾದಲ್ಲಿ ಹಡಗು ಒಂದೇ ದಿನ ನಿಲ್ಲುತ್ತದೆ, ಅಪ್ಪ ಅಮ್ಮನ ಜೊತೆ ಏನು ನೋಡಬಹುದು?

ಬೆಳಿಗ್ಗೆ 8ಕ್ಕೆ ಇಳಿದು ಸಂಜೆ 5ಕ್ಕೆ ವಾಪಸ್, ಜೊತೆಗೆ ಮಂಡಿನೋವಿನ ಅಮ್ಮ. ರಾಜಧಾನಿ ವ್ಯಾಲೆಟ್ಟಾ, ಹಳೇ ಕೋಟೆಯೂರು ಮ್ದೀನಾ, ಕಡಲ ಗುಹೆಗಳ ಬ್ಲೂ ಗ್ರಾಟೊ ಮೂರನ್ನೂ ಮುಗಿಸಬಹುದಾ ಅಂತ ಕೇಳಿದ್ದೀರಿ. ಮುಗಿಸಬಹುದು. ಆದರೆ ಆ ಕೆಲಸಕ್ಕೆ ಹೋಗಬೇಡಿ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಬಂದರಿನಲ್ಲೇ ಸಿಕ್ಕ ವ್ಯಾನ್ ಹತ್ತಿ ಇದೇ ಮೂರು ಕಡೆಯ ಸುತ್ತು ಹಾಕಿದೆ. ಮಾಲ್ಟಾದಲ್ಲಿ ನಮ್ಮ ಹಾಗೆಯೇ ರಸ್ತೆಯ ಎಡಗಡೆ ಗಾಡಿ ಓಡಿಸುತ್ತಾರೆ, ಟ್ರಾಫಿಕ್ಕೂ ನಮ್ಮ ಹಾಗೆಯೇ. ಬ್ಲೂ ಗ್ರಾಟೊ ತಲುಪಿದರೆ ಅಲೆ ಜಾಸ್ತಿ ಅಂತ ದೋಣಿಯೇ ಬಿಡಲಿಲ್ಲ. ಹಡಗಿನ ನೆತ್ತಿಯ ಮೇಲೇ ಇರುವ ವ್ಯಾಲೆಟ್ಟಾವನ್ನು ಮಾತ್ರ ಕಿಟಕಿಯಿಂದ ನೋಡಿದ್ದಷ್ಟೇ. ಎರಡನೇ ಸಲ ವ್ಯಾಲೆಟ್ಟಾ ಬಿಟ್ಟು ಕದಲಲಿಲ್ಲ.

ಅವತ್ತು ಬೆಳಿಗ್ಗೆ ಬೇಗ ಎದ್ದು ಮೇಲಿನ ಡೆಕ್‌ಗೆ ಹೋಗಿ. ಗ್ರ್ಯಾಂಡ್ ಹಾರ್ಬರ್ ಒಳಗೆ ಹಡಗು ನುಗ್ಗುವಾಗ ಎರಡೂ ಕಡೆ ಜೇನಿನ ಬಣ್ಣದ ಸುಣ್ಣಕಲ್ಲಿನ ಕೋಟೆ. ಟಿಕೆಟ್ಟಿಲ್ಲದ ನೋಟ, ತಿಂಡಿ ಆಮೇಲೆ ತಿನ್ನಬಹುದು.

ಇಳಿದ ಮೇಲೆ ಟ್ಯಾಕ್ಸಿಯವರು ಸುತ್ತುವರಿಯುತ್ತಾರೆ. ಬೇಡ ಅಂದು ಹತ್ತು ನಿಮಿಷ ನಡೆದರೆ ಅಪ್ಪರ್ ಬರಾಕಾ ಲಿಫ್ಟ್ ಸಿಗುತ್ತದೆ. 2012ರಲ್ಲಿ ಶುರುವಾದದ್ದು, 58 ಮೀಟರ್ ಎತ್ತರ. ಅಮ್ಮನ ಮಂಡಿಗೆ ಇದೇ ದೇವರು. ಮೇಲೆ ತೋಟ, ತೋಟದ ಅಂಚಿನಲ್ಲಿ ಕಟಾಂಜನ. ಬಗ್ಗಿ ನೋಡಿದರೆ ನೀವು ಇಳಿದು ಬಂದ ಅಷ್ಟು ದೊಡ್ಡ ಹಡಗು ಆಟಿಕೆಯ ಹಾಗೆ ಕಾಣುತ್ತದೆ. ಕೆಳಗಿನ ಸಾಲಿನಲ್ಲಿ ಫಿರಂಗಿಗಳಿವೆ. ಮಧ್ಯಾಹ್ನ 12ಕ್ಕೆ ಸರಿಯಾಗಿ ಹಳೇ ಬ್ರಿಟಿಷ್ ಸಮವಸ್ತ್ರ ತೊಟ್ಟವರು ಒಂದನ್ನು ಹಾರಿಸುತ್ತಾರೆ. ಹಿಂದೆ ಬಂದರಿನ ಹಡಗುಗಳು ಈ ಸದ್ದು ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದವಂತೆ. ಕಾಲು ಗಂಟೆ ಮುಂಚೆ ಹೋಗಿ ಜಾಗ ಹಿಡಿಯಿರಿ, ಅಪ್ಪನಿಗೆ ಮೊದಲೇ ಹೇಳಿಡಿ. ಸದ್ದು ಎದೆಗೇ ಬಡಿಯುತ್ತದೆ.

ಅದಕ್ಕೂ ಮೊದಲು, ಜನ ತುಂಬುವ ಮುಂಚೆ, ಸೇಂಟ್ ಜಾನ್ ಕೋ-ಕೆಥೆಡ್ರಲ್ ನೋಡಿಬಿಡಿ. 1565ರಲ್ಲಿ ಆಟೊಮನ್ ಸೈನ್ಯದ ಮುತ್ತಿಗೆಯನ್ನು ತಡೆದ ಸೇಂಟ್ ಜಾನ್ ಸಂಘದ ನೈಟ್‌ಗಳು, ಅಂದರೆ ಕ್ರೈಸ್ತ ಯೋಧರು, ಮರುವರ್ಷವೇ ಈ ಊರಿಗೆ ಅಡಿಗಲ್ಲು ಹಾಕಿ, ಆಮೇಲೆ ಕಟ್ಟಿಸಿದ ಚರ್ಚು ಇದು. ಹೊರಗಿನಿಂದ ಯಾವುದೋ ಉಗ್ರಾಣದ ಹಾಗಿದೆ. ಒಳಗೆ ಕಾಲಿಟ್ಟರೆ ಗೋಡೆಯಲ್ಲಿ ಚಿನ್ನ ಬಿಟ್ಟು ಬೇರೇನೂ ಕಾಣದು. ಆದರೆ ನೀವು ನೆಲ ನೋಡಿ. ಸುಮಾರು 400 ನೈಟ್‌ಗಳ ಸಮಾಧಿಗಳ ಮೇಲೇ ನಡೆಯುತ್ತಿರುತ್ತೀರಿ. ಬಣ್ಣದ ಅಮೃತಶಿಲೆಯನ್ನು ಕೊರೆದು ಕೂರಿಸಿದ ತಲೆಬುರುಡೆ, ಕುಡುಗೋಲು ಹಿಡಿದ ಅಸ್ಥಿಪಂಜರ. ಚೂಪು ಹಿಮ್ಮಡಿಯ ಚಪ್ಪಲಿಗೆ ಪ್ರವೇಶವಿಲ್ಲ.

ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕರವಾಜ್ಜೊ 1608ರಲ್ಲಿ ಬರೆದ ಚಿತ್ರವಿದೆ. ಸ್ನಾನಿಕ ಯೋಹಾನನ, ಅಂದರೆ ಈ ಚರ್ಚಿನ ಸೇಂಟ್ ಜಾನನ, ಶಿರಚ್ಛೇದ. ಐದು ಮೀಟರಿಗೂ ಅಗಲ. ಕತ್ತಿನಿಂದ ನೆಲಕ್ಕೆ ಹರಿದ ರಕ್ತದಲ್ಲೇ ಕರವಾಜ್ಜೊ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಇದೊಂದೇ. ರೋಮ್‌ನಲ್ಲಿ ಕೊಲೆ ಮಾಡಿ ತಲೆಮರೆಸಿಕೊಂಡು ಬಂದವನನ್ನು ಇಲ್ಲಿ ನೈಟ್ ಮಾಡಿದರು. ಕೆಲವೇ ತಿಂಗಳಲ್ಲಿ ಜಗಳ ಮಾಡಿ ಜೈಲು ಸೇರಿದ, ಅಲ್ಲಿಂದಲೂ ತಪ್ಪಿಸಿಕೊಂಡ. ಅವನನ್ನು ಸಂಘದಿಂದ ಹೊರಹಾಕಿದ ಸಭೆ ನಡೆದದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರು! ನಾನು ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಹೊಟ್ಟೆಗೆ ಪಸ್ತಿಜ್ಜಿ. ಪದರ ಪದರ ಕಿತ್ತು ಬರುವ, ಅಯ್ಯಂಗಾರ್ ಬೇಕರಿ ಪಫ್‌ನ ದೂರದ ನೆಂಟ. ಒಳಗೆ ರಿಕೋಟಾ ಚೀಸ್ ಅಥವಾ ಅರೆದ ಬಟಾಣಿ. ಸಸ್ಯಾಹಾರಿಗಳಾದರೆ ಒಂದು ಮಾತು ಕೇಳಿ ತಗೊಳ್ಳಿ, ಹಿಟ್ಟಿಗೆ ಹಂದಿ ಕೊಬ್ಬು ಹಾಕುವವರೂ ಇದ್ದಾರೆ.

ಮಧ್ಯಾಹ್ನ ಟೈಮ್ ಉಳಿದರೆ ಅದೇ ಲಿಫ್ಟಿನಲ್ಲಿ ಇಳಿದು, ದಯ್ಸಾ ಅನ್ನುವ ಪುಟ್ಟ ದೋಣಿಯಲ್ಲಿ ಎದುರು ದಡದ ಬಿರ್ಗುಗೆ ಹೋಗಿ. ವ್ಯಾಲೆಟ್ಟಾ ಕಟ್ಟುವ ಮುಂಚೆ ನೈಟ್‌ಗಳು ಇದ್ದದ್ದು ಅಲ್ಲೇ. ಊರಿಗಿಂತ ಆ ದೋಣಿ ಸವಾರಿಯೇ ಚೆನ್ನ. ವ್ಯಾಲೆಟ್ಟಾದ ಅಡ್ಡರಸ್ತೆಗಳಲ್ಲಿ ಬಣ್ಣದ ಮರದ ಬಾಲ್ಕನಿಗಳು ಚೆಂದ, ಆದರೆ ಕೆಲವು ರಸ್ತೆಗಳು ಬರೀ ಮೆಟ್ಟಿಲು. ಅಮ್ಮನನ್ನು ರಿಪಬ್ಲಿಕ್ ಸ್ಟ್ರೀಟ್ ಬಿಟ್ಟು ಇಳಿಸಬೇಡಿ. ಮ್ದೀನಾ ಒಳ್ಳೆಯ ಊರೇ, ಆದರೆ ಹೋಗಿ ನೋಡಿ ಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ಇನ್ನು ಅಜ್ಯೂರ್ ವಿಂಡೋ ತೋರಿಸುತ್ತೇವೆ ಅಂತ ಯಾರಾದರೂ ಫೋಟೋ ಹಿಡಿದು ಬಂದರೆ ನಕ್ಕು ಮುಂದೆ ಹೋಗಿ. ಆ ಕಲ್ಲಿನ ಕಮಾನು 2017ರಲ್ಲೇ ಸಮುದ್ರಕ್ಕೆ ಬಿದ್ದುಹೋಯಿತು.

ವೀಸಾ ಷೆಂಗೆನ್‌ದು. ಹಡಗು ನಡುವೆ ಟ್ಯುನೀಶಿಯಾ, ಟರ್ಕಿ ಥರದ ಕಡೆ ನಿಲ್ಲುವುದಾದರೆ ಮಲ್ಟಿಪಲ್ ಎಂಟ್ರಿಯೇ ಬೇಕು.

ನೀವು ಯಾವ ವಾರ ಅಂತ ಬರೆದಿಲ್ಲ. ಭಾನುವಾರವಾದರೆ ಕೆಥೆಡ್ರಲ್ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಆಗ ಬಸ್ ಹಿಡಿದು ಮಾರ್ಸಾಶ್ಲೊಕ್‌ನ ಮೀನಿನ ಸಂತೆಗೆ ಹೋಗಿ. ಅಮ್ಮ ಮೂಗು ಮುಚ್ಚಿಕೊಂಡರೂ ಪರವಾಗಿಲ್ಲ, ಅಲ್ಲಿಯ ದೋಣಿಗಳ ಮೂತಿಯ ಮೇಲೆ ಕಣ್ಣು ಬರೆದಿರುತ್ತಾರೆ, ದೃಷ್ಟಿ ತಾಗದಿರಲಿ ಅಂತ. ಅದನ್ನು ಅವರಿಗೆ ವಿವರಿಸಬೇಕಾಗಿಲ್ಲ ಅಲ್ವಾ?