ಅಡುಗೆಮನೆ ಪ್ರಶ್ನೋತ್ತರ: ಗೆಣಸಿಗೆ ಅವಸರ ಆಗದು

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಸಂಸಾರ ಡಿಸೆಂಬರ್ ರಜೆಗೆ ಬರುತ್ತಿದೆ. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ಗೆಣಸಿಗೆ ಹಣ್ಣು ಸೇರಿಸಿ ಓವನ್‌ನಲ್ಲಿ ಬೇಯಿಸುತ್ತಾರಂತೆ. ಮೊಮ್ಮಕ್ಕಳಿಗೆ ಅದೇ ಬೇಕಂತೆ. ನಮ್ಮಲ್ಲಿ ಓವನ್ ಇಲ್ಲ. ಊಟದ ನಡುವೆ ಸಿಹಿ ಗೆಣಸು ಬಡಿಸುವುದು ಯಜಮಾನರಿಗೆ ಸರಿಕಾಣುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಹೊಸನಗರ

ಉತ್ತರ: ಮೊದಲು ಯಜಮಾನರ ತಕರಾರು ಮುಗಿಸೋಣ. ಅನಾನಸಿನ ಮೆಣಸ್ಕಾಯಿಯನ್ನು ಅನ್ನಕ್ಕೆ ಕಲಸಿಕೊಂಡು ಇನ್ನೊಂದು ಸೌಟು ಕೇಳುವವರಿಗೆ ಗೆಣಸಿನ ಜೊತೆ ಹಣ್ಣು ಏಕೆ ಒಗ್ಗಬಾರದು? ಎಲೆಯಲ್ಲಿ ಗೊಜ್ಜು ಬೀಳುವ ಜಾಗಕ್ಕೆ ಎರಡು ಚಮಚ ಬಡಿಸಿ, ಪಕ್ಕದಲ್ಲಿ ಖಾರದ ಪಲ್ಯವಿರಲಿ. ಪಾಯಸದ ಪ್ರಮಾಣದಲ್ಲಿ ಸುರಿದರೆ ಮಾತ್ರ ಅವರ ಮಾತೇ ಸರಿ.

ಅಲ್ಲಿನದು ಕಿತ್ತಳೆ ಬಣ್ಣದ, ನೀರಿನಂಶ ಹೆಚ್ಚಿರುವ ಮೆತ್ತನೆಯ ಗೆಣಸು. ನಮ್ಮ ಸಂತೆಗೆ ಸಾಮಾನ್ಯವಾಗಿ ಬರುವುದು ಕೆಂಪು ಸಿಪ್ಪೆಯ, ಬಿಳಿ ತಿರುಳಿನ ಹಿಟ್ಟುಗೆಣಸು. ಮಗಳು ಕಳಿಸಿದ ಅಳತೆಯಲ್ಲೇ ಮಾಡಿದರೆ ಗಂಟಲಿಗೆ ಹಿಡಿಯುತ್ತದೆ. ಹಣ್ಣಿನ ರಸ, ತುಪ್ಪ ಎರಡೂ ತುಸು ಧಾರಾಳವಾಗಿರಲಿ.

ಕುಕ್ಕರ್ ಮುಟ್ಟಬೇಡಿ. ಗೆಣಸಿನೊಳಗೇ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವವಿದೆ. ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಚುರುಕು. ಕುಕ್ಕರ್ ಆ ಹಂತವನ್ನು ಓಡಿ ದಾಟುತ್ತದೆ, ಗೆಣಸು ಬೆಂದರೂ ಸಪ್ಪೆ. ಬಚ್ಚಲೊಲೆಯ ಬಿಸಿಬೂದಿಯಲ್ಲಿ ಹೂತ ಗೆಣಸು ನಿಧಾನವಾಗಿ ಕಾಯುತ್ತದೆ. ಸಿಪ್ಪೆ ಬಿರಿದ ಕಡೆ ಜೇನಿನಂಥ ಅಂಟು ಒಸರಿ, ಕರಕಲಿನ ಮೇಲೆ ಕಪ್ಪು ಹನಿಯಾಗಿ ಗಟ್ಟಿಯಾಗುತ್ತದಲ್ಲ, ಅದು ಈ ಸಕ್ಕರೆಯೇ. ಹಂಡೆಗೆ ಇನ್ನೂ ಉರಿ ಹಾಕುವ ಮನೆ ನಿಮ್ಮದಾದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಸೋಲಾರ್ ಬಂತೆಂದು ಒಲೆ ಕೆಡವಿಸಿದವರು ದಪ್ಪ ಬಾಣಲೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿಕೊಳ್ಳಲಿ.

ಒಂದು ಕಿಲೋ ಗೆಣಸಿಗೆ ಅರ್ಧ ಅನಾನಸು, ಒಂದು ಸೇಬು, ಎರಡು ಕಿತ್ತಳೆಯ ರಸ. ಹುಳಿ ಮುಂದಿರುವ ಹಣ್ಣನ್ನೇ ಆರಿಸಿ, ಸಿಹಿಗೆ ಗೆಣಸೇ ಸಾಕು. ಅನಾನಸಿನ ಚೂರುಗಳನ್ನು ನಾಲ್ಕು ಚಮಚ ಜೋನಿ ಬೆಲ್ಲದಲ್ಲಿ ಮೊದಲೇ ಕುದಿಸಿಕೊಳ್ಳಿ. ಮಗಳು ಕೆನೆ ಸುರಿಯುವವಳಾದರೆ ಇದು ಕಡ್ಡಾಯ: ಹಸಿ ಅನಾನಸು ಬಿದ್ದ ಹಾಲು, ಕೆನೆ ಕಹಿಯಾಗುತ್ತದೆ. ಕಿತ್ತಳೆ ರಸ ಗೆಣಸು ಬೆಂದ ಮೇಲೆಯೇ. ಹುಣಸೆಹುಳಿ ಬಿದ್ದ ತರಕಾರಿ ಎಷ್ಟು ಸತಾಯಿಸುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ದಪ್ಪ ತಳದ ಪಾತ್ರೆಗೆ ತುಪ್ಪ ಸವರಿ ಗೆಣಸಿನ ಬಿಲ್ಲೆ, ಹಣ್ಣು ಒಂದರ ಮೇಲೊಂದು ಹಾಸಿ. ಉಪ್ಪು, ದಾಲ್ಚಿನ್ನಿ ಪುಡಿ ಚಿಟಿಕೆ ಚಿಟಿಕೆ; ಜಾಯಿಕಾಯಿ ಕಲ್ಲಿಗೆ ಎರಡು ಸುತ್ತು ತೇಯ್ದರೆ ಸಾಕು. ರಸ ಹೊಯ್ದು, ಕಾದ ಕಾವಲಿಯ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಮುಚ್ಚಳದ ಮೇಲೆ ಕೆಂಡ ಹರವಿದರೆ ಮೇಲ್ಭಾಗವೂ ಕೆಂಪಾಗುತ್ತದೆ. ಕೊನೆಗೆ ತುಪ್ಪದಲ್ಲಿ ಹುರಿದ ಗೇರುಬೀಜ.

ಮಕ್ಕಳು ಮೇಲೆ ಮಾರ್ಷ್‌ಮ್ಯಾಲೋ ಬೇಕೆನ್ನಬಹುದು. ಸಾಮಾನ್ಯವಾಗಿ ಅದರಲ್ಲಿರುವ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ನೀವು ಸಸ್ಯಾಹಾರಿಗಳಾದರೆ ಪೊಟ್ಟಣದ ಹಸಿರು ಚುಕ್ಕೆ ನೋಡಿಯೇ ಕೊಳ್ಳಿ.

ಪ್ರಶ್ನೆ: ಕ್ರಿಸ್‌ಮಸ್ ಊಟಕ್ಕೆ ಇದನ್ನು ಹಿಂದಿನ ರಾತ್ರಿಯೇ ಮಾಡಿಡಬಹುದೇ? ನಮ್ಮಲ್ಲಿ ಓವನ್ ಇದೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಜೋಡಿಸಿ ಫ್ರಿಜ್ಜಿನಲ್ಲಿಡಿ, ಗೇರುಬೀಜ ಮಾತ್ರ ಬಡಿಸುವಾಗ. ಸೇಬಿನ ಹೋಳನ್ನು ಕಿತ್ತಳೆ ರಸದಲ್ಲಿ ಹೊರಳಿಸಿದರೆ ಕಪ್ಪಾಗುವುದಿಲ್ಲ. ಬೆಳಿಗ್ಗೆ 180 ಡಿಗ್ರಿಯಲ್ಲಿ ಸುಮಾರು 35 ನಿಮಿಷ. ಗಾಜಿನ ಪಾತ್ರೆಯಾದರೆ ತಣ್ಣಗಿರುವಾಗಲೇ ಓವನ್ನಿಗೆ ತಳ್ಳಬೇಡಿ, ಸೀಳುತ್ತದೆ.

ಪ್ರಶ್ನೆ: ಹಸಿ ಗೆಣಸನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಎಷ್ಟು ಬೇಯಿಸಿದರೂ ನಡುವೆ ಗಟ್ಟಿ. ಏಕೆ?
– ಓದುಗರೊಬ್ಬರು, ಸಾಗರ

ಉತ್ತರ: ಗೆಣಸಿಗೆ ಅಷ್ಟು ಚಳಿ ಆಗದು. 12 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ನಡುತಿರುಳು ಹಾಗೆ ಸೆಟೆದುಕೊಳ್ಳುತ್ತದೆ. ಮಣ್ಣು ಒರೆಸಿ, ತೊಳೆಯದೆ, ಗಾಳಿಯಾಡುವ ಬುಟ್ಟಿಯಲ್ಲಿ ಕತ್ತಲೆಯ ಮೂಲೆಯಲ್ಲಿಡಿ.