ಪ್ಯಾಂಥರ್ಸ್ ಸೋಲು ಬ್ರೈಸ್ ಯಂಗ್ ಒಬ್ಬನ ತಪ್ಪಾ?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಸೋತದ್ದಕ್ಕೆ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸುವವನು) ಬ್ರೈಸ್ ಯಂಗ್ ಒಬ್ಬನೇ ಕಾರಣ ಅಂತ ಗೆಳೆಯರು ನಿಮ್ಮ ಜೊತೆ ವಾದಿಸ್ತಾರಾ? ಮೂಲ ತೊಂದರೆ ಯಂಗ್ ಅಲ್ಲ, ಅವನನ್ನು ತರಲು ತಂಡ ಕೊಟ್ಟ ಬೆಲೆ. 2023ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಮೊದಲ ಆಯ್ಕೆಗಾಗಿ ಶಿಕಾಗೋ ಬೇರ್ಸ್ ತಂಡಕ್ಕೆ ನಾಲ್ಕು ಡ್ರಾಫ್ಟ್ ಆಯ್ಕೆ ಕೊಟ್ಟರು. ಜೊತೆಗೆ ಎಸೆದ ಬಾಲ್ ಹಿಡಿಯುವ ತಮ್ಮ ಒಳ್ಳೆಯ ರಿಸೀವರ್ ಡಿ.ಜೆ. ಮೂರ್‌ನನ್ನೂ ಬಿಟ್ಟುಕೊಟ್ಟರು. ಹುಡುಗ ಬಂದ, ಆದರೆ ಅವನು ಬಾಲ್ ಎಸೆಯೋದು ಯಾರಿಗೆ? ಆ ವರ್ಷ 17 ಪಂದ್ಯದಲ್ಲಿ ಗೆದ್ದದ್ದು 2. ಯಂಗ್ 62 ಸಲ ಸ್ಯಾಕ್ ಆದ, ಅಂದರೆ ಬಾಲ್ ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿದರು.

ನಿಮ್ಮ ವಾದ ಬಗೆಹರಿಯಬೇಕಾದರೆ ಆ ವರ್ಷದ ಒಂದು ಪಂದ್ಯ ಮತ್ತೆ ನೋಡಿ. ಸ್ನ್ಯಾಪ್ ಆದ ಕೂಡಲೇ (ಸೆಂಟರ್ ಆಟಗಾರ ಬಾಲ್ ಹಿಂದಕ್ಕೆ ಕೊಟ್ಟು ಆಟ ಶುರುವಾದಾಗ) ಯಂಗ್ ಕಡೆ ನೋಡಬೇಡಿ, ಸೆಂಟರ್‌ನ ಎಡಬಲದಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಗಾರ್ಡ್‌ಗಳನ್ನು ನೋಡಿ. ಎದುರಾಳಿ ಅಲ್ಲಿಂದಲೇ ನುಗ್ಗಿದರೆ ಮುಂದೆ ಹೆಜ್ಜೆ ಇಡೋಕೆ ಜಾಗವೇ ಇರಲ್ಲ. ಗಿಡ್ಡ ಕ್ವಾರ್ಟರ್‌ಬ್ಯಾಕ್‌ಗೆ ಇದು ಇನ್ನೂ ಕಷ್ಟ. ಅವನ ಎತ್ತರ ಎಷ್ಟು ಕಾರಣ, ಗಾರ್ಡ್‌ಗಳು ಎಷ್ಟು ಕಾರಣ ಅಂತ ಪೂರ್ತಿ ಬಿಡಿಸಿ ಹೇಳೋಕಾಗಲ್ಲ.

ಆಮೇಲೆ 2024ರ ಪಂದ್ಯ ಹಾಕಿ. ಗಾರ್ಡ್ ರಾಬರ್ಟ್ ಹಂಟ್‌ಗೆ 5 ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟು ತಂದಿದ್ದರು, ಇನ್ನೊಬ್ಬ ಗಾರ್ಡ್ ಡೇಮಿಯನ್ ಲೂಯಿಸ್ ಕೂಡ ಬಂದಿದ್ದ. ಸೀಸನ್ನಿನ ಕೊನೆಯ ಪಂದ್ಯಗಳನ್ನೇ ಆರಿಸಿಕೊಳ್ಳಿ, ಯಂಗ್ ಎಷ್ಟು ನಿರಾಳವಾಗಿ ಎಸೀತಾನೆ ಗೊತ್ತಾಗುತ್ತೆ.

ಹಾಗಾದರೆ 2024ರಲ್ಲೂ 5 ಗೆಲುವು ಮಾತ್ರ ಯಾಕೆ ಅಂತ ಗೆಳೆಯರು ಕೇಳ್ತಾರೆ, ಅಲ್ವಾ? ಡಿಫೆನ್ಸ್ (ಎದುರಾಳಿ ಪಾಯಿಂಟ್ ಗಳಿಸದಂತೆ ತಡೆಯುವ ಆಟಗಾರರು) ತೋರಿಸಿ. ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು 534 ಪಾಯಿಂಟ್, ಎನ್‌ಎಫ್‌ಎಲ್‌ನಲ್ಲಿ ಒಂದು ಸೀಸನ್ನಿಗೆ ಅತಿ ಹೆಚ್ಚು ಬಿಟ್ಟುಕೊಟ್ಟ ದಾಖಲೆ ಅದೇ.